ಗಾಡಿ ಸಂದೇಹ: ಹಳ್ಳ ದಾಟುವ ಜೀಪಿನ ಬೇರಿಂಗ್ ಬಾಳುವುದಿಲ್ಲ ಏಕೆ?

ಪ್ರಶ್ನೆ: ತೋಟದ ಹಳೇ ಮಹೀಂದ್ರ ಸಿಜೆ 3ಬಿ ಜೀಪಿನ ಮುಂದಿನ ಬಲಚಕ್ರದಲ್ಲಿ ಗುಂಯ್ ಎನ್ನುವ ಸದ್ದು. ಎರಡು ವರ್ಷದಲ್ಲಿ ಎರಡು ಸಲ ಬೇರಿಂಗ್ ಹಾಕಿಸಿದ್ದಾಯಿತು. ದಿನಕ್ಕೆರಡು ಸಲ ಹಳ್ಳ ದಾಟಲೇಬೇಕು. ಈ ಸಲ ಮನೆಯಲ್ಲೇ ಬದಲಿಸೋಣ ಅಂತಿದ್ದೇನೆ, ಸಾಧ್ಯವೇ? (ಸಕಲೇಶಪುರದ ಓದುಗರು)

ಉತ್ತರ: ಸಾಧ್ಯ. ಆದರೆ ಅದು ಬೇರಿಂಗೇ ಹೌದೋ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಚಕ್ರ ಎತ್ತಿ, ಆಕ್ಸೆಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಾಡಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಅಲುಗಾಟ ನಿಂತರೆ ಚಕ್ರದ ಬೇರಿಂಗ್, ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್. ಕಿಂಗ್‌ಪಿನ್ ಸವೆದ ಜೀಪಿಗೆ ಬೇರಿಂಗ್ ಹಾಕಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ.

ಇನ್ನು ಬೇರಿಂಗ್ ಬಾಳದಿರುವುದಕ್ಕೆ ಕಾರಣ ಹೆಚ್ಚಾಗಿ ಆಯಿಲ್ ಸೀಲ್, ಅಂದರೆ ಗ್ರೀಸ್ ಹೊರಬಾರದಂತೆ, ನೀರು ಒಳಹೋಗದಂತೆ ತಡೆಯುವ ಬಳೆ. ಓಡಿ ಕಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಅದೇ ಗುರುತು. ಹಾಗೆ ನಿಂತ ಗಾಡಿಯಲ್ಲಿ ರೋಲರ್ ಮೇಲೆ ತುಕ್ಕಿನ ಚುಕ್ಕಿ ಏಳುತ್ತದೆ, ಅಲ್ಲಿಂದ ಸದ್ದು ಶುರು.

ಒಂದು ಚಕ್ರಕ್ಕೆ ಬೇಕಾದದ್ದು ಎರಡು ಕೋನ್ (ರೋಲರ್ ಇರುವ ಒಳಭಾಗ, ನಂಬರ್ 18590), ಎರಡು ಕಪ್ (ಹಬ್ಬಿನಲ್ಲಿ ಕೂರುವ ಹೊರಬಳೆ, ನಂಬರ್ 18520), ಒಂದು ಸೀಲ್, ಒಂದು ಲಾಕ್ ವಾಷರ್. ಒಳಗಿನ ಬೇರಿಂಗೂ ಹೊರಗಿನ ಬೇರಿಂಗೂ ಒಂದೇ ಅಳತೆ: ಒಳವ್ಯಾಸ 41.275 ಮಿ.ಮೀ., ಹೊರವ್ಯಾಸ 73.025 ಮಿ.ಮೀ. ಆದರೂ ಯಾರೋ ಯಾವಾಗಲೋ ಆಕ್ಸೆಲ್ ಬದಲಿಸಿರಬಹುದು. ಹಳೇ ಬೇರಿಂಗಿನ ಮೇಲಿನ ನಂಬರ್ ಓದಿಯೇ ಅಂಗಡಿಗೆ ಹೋಗಿ. ನಟ್‌ಗೆ 2 1/16 ಇಂಚಿನ ಬಾಕ್ಸ್ ಪಾನಾ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದರೆ ನಟ್ ಕೆಡುತ್ತದೆ, ಹದವೂ ಸಿಗುವುದಿಲ್ಲ.

ಹಬ್ ಕ್ಯಾಪ್, ಸ್ನ್ಯಾಪ್ ರಿಂಗ್, ಶಾಫ್ಟನ್ನು ಹಬ್ಬಿಗೆ ಜೋಡಿಸುವ ಫ್ಲೇಂಜಿನ ಆರು ಬೋಲ್ಟ್ ತೆಗೆಯಿರಿ. ಫ್ಲೇಂಜಿನ ಹಿಂದೆ ಶಿಮ್ (ತೆಳು ಹಾಳೆಯಂಥ ವಾಷರ್) ಇದ್ದರೆ ಜೋಪಾನ, ಅಷ್ಟೇ ಶಿಮ್ ಮತ್ತೆ ಕೂರಬೇಕು. ಹೊರನಟ್, ಲಾಕ್ ವಾಷರ್, ಒಳನಟ್ ಬಿಚ್ಚಿದರೆ ಹಬ್ ಡ್ರಮ್ ಸಮೇತ ಬರುತ್ತದೆ. ಬರದಿದ್ದರೆ ಬ್ರೇಕ್ ಅಡ್ಜಸ್ಟರ್ ಸಡಿಲಿಸಿ.

ಹಳೇ ಕಪ್ಪನ್ನು ಹಿತ್ತಾಳೆ ಸರಳಿನಿಂದ ಎದುರುಬದುರು ಬದಿಗೆ ಸರದಿಯಲ್ಲಿ ಬಡಿದು ಹೊರಹಾಕಿ. ಹೊಸ ಕಪ್ ಒಂದು ಗಂಟೆ ಫ್ರೀಜರಿನಲ್ಲಿದ್ದರೆ ಸಲೀಸಾಗಿ ಇಳಿಯುತ್ತದೆ. ಅದರ ದಪ್ಪ ಅಂಚು ಒಳಕ್ಕೆ, ಬಾಯಿ ಅಗಲವಾದ ಬದಿ ಹೊರಕ್ಕೆ. ಹಳೇ ಕಪ್ಪಿನ ಹೊರಮೈಯನ್ನು ಸ್ವಲ್ಪ ಉಜ್ಜಿ ಸಣ್ಣದು ಮಾಡಿಕೊಂಡರೆ ಅದೇ ಬಡಿಯುವ ಸಾಧನ. ತಳಕ್ಕೆ ಕೂತ ಕೂಡಲೇ ಸುತ್ತಿಗೆಯ ಸದ್ದು ಬದಲಾಗಿ ಠಣ್ ಎನ್ನುತ್ತದೆ. ಹಳೇ ಕಪ್ ಬಿಟ್ಟು ಕೋನ್ ಮಾತ್ರ ಹೊಸದು ಹಾಕುವುದು ಉಳಿತಾಯವಲ್ಲ. ಹಳೇ ಗುಳಿ ಹೊಸ ರೋಲರನ್ನೂ ಕೆಡಿಸುತ್ತದೆ.

ಹಳೇ ಗ್ರೀಸನ್ನು ಪೂರ್ತಿ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಜಾತಿ ಬೇರೆಯಾದ ಗ್ರೀಸ್‌ಗಳು ಬೆರೆತರೆ ತೆಳ್ಳಗಾಗಿ ಹರಿಯಬಹುದು. ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸಿನ ಗಟ್ಟಿತನದ ಅಳತೆ) ಲಿಥಿಯಂ ಕಾಂಪ್ಲೆಕ್ಸ್ ಗ್ರೀಸನ್ನು ಅಂಗೈಯಲ್ಲಿಟ್ಟು, ಕೋನಿನ ಅಗಲ ಬದಿಯಿಂದ ಒತ್ತಿ, ಇನ್ನೊಂದು ಬದಿಯಲ್ಲಿ ಹೊರಬರುವವರೆಗೆ ತುಂಬಿಸಿ. ಹಬ್ಬಿನ ಹೊಟ್ಟೆಗೆ ಕಪ್ಪಿನ ಮಟ್ಟದವರೆಗೆ ಬಳಿದರೆ ಸಾಕು. ಪೂರ್ತಿ ತುಂಬಿದರೆ ಕಾದು ಹಿಗ್ಗಿ ಸೀಲ್ ದಾಟುತ್ತದೆ, ಬ್ರೇಕ್ ಲೈನರ್ ಹಾಳು. ಸೀಲಿನ ತುಟಿ ಬೇರಿಂಗ್ ಕಡೆಗಿರಲಿ. ಅದು ಉಜ್ಜುವ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ.

ಬಿಗಿಯುವಾಗ ಅವಸರ ಬೇಡ. ಹಬ್ಬನ್ನು ತಿರುಗಿಸುತ್ತಲೇ ಒಳನಟ್ಟನ್ನು ಅದು ಬಿಗಿಯಾಗಿ ತಿರುಗುವವರೆಗೆ ಬಿಗಿಯಿರಿ. ರೋಲರ್‌ಗಳು ಜಾಗಕ್ಕೆ ಕೂರುವುದು ಹೀಗೆ. ಆಮೇಲೆ ಆರನೇ ಒಂದು ಸುತ್ತು ಹಿಂದಕ್ಕೆ, ಅಂದರೆ ನಟ್ಟಿನ ಒಂದು ಮುಖದಷ್ಟು. ವಾಷರ್ ಹಾಕಿ, ಹೊರನಟ್ ಬಿಗಿದು ಮತ್ತೆ ಪರೀಕ್ಷಿಸಿ, ಏಕೆಂದರೆ ಹೊರನಟ್ ಬಿಗಿದಾಗ ಒಳಗಿನ ಸಡಿಲ ಸ್ವಲ್ಪ ಕಡಿಮೆಯಾಗುತ್ತದೆ. ಚಕ್ರ ಸರಾಗವಾಗಿ ತಿರುಗಬೇಕು, ಕೈಗೆ ಅಲುಗಾಟ ತಿಳಿಯುವುದೇ ಅನುಮಾನ ಎನ್ನುವಷ್ಟಿರಬೇಕು. ಸರಿಯಿದ್ದರೆ ಮಾತ್ರ ವಾಷರಿನ ಅಂಚು ಮಡಚಿ. ಹತ್ತು ಕಿ.ಮೀ. ಓಡಿಸಿ ಹಬ್ ಮುಟ್ಟಿ: ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ನಟ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದಿದೆ.

ಪ್ರಶ್ನೆ: ಇದೇ ಕ್ರಮ ಹಿಂದಿನ ಚಕ್ರಕ್ಕೂ ಆಗುತ್ತದೆಯೇ? (ಮೂಡಿಗೆರೆಯ ಓದುಗರು)

ಉತ್ತರ: ಆಗುವುದಿಲ್ಲ. ಸಿಜೆ 3ಬಿಯ ಹಿಂದಿನ ಹಬ್ ಮೊನಚು ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ; ಅದಕ್ಕೆ ಪುಲ್ಲರ್ ಬೇಕು, ಸಡಿಲ ಹೊಂದಿಸುವುದು ಶಿಮ್‌ಗಳಿಂದ. ಇನ್ನೊಂದು ಎಚ್ಚರಿಕೆ: ಇದರ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಆಕ್ಸೆಲ್‌ಗೆ ಎಂಜಿನ್ನಿನ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಮೂಲಕ ಗಾಡಿ ಉರುಳಬಹುದು. ಉಳಿದ ಚಕ್ರಗಳಿಗೆ ಕಲ್ಲು ಕೊಡದೆ ಜ್ಯಾಕ್ ಏರಿಸಬೇಡಿ.

ಪ್ರಶ್ನೆ: ಕಪ್ ಹಬ್ಬಿನಲ್ಲಿ ಸಡಿಲವಾಗಿ ತಿರುಗುತ್ತದೆ. ಪಂಚ್ ಹೊಡೆದು ಬಿಗಿ ಮಾಡಬಹುದೇ? (ಮಡಿಕೇರಿಯ ಓದುಗರು)

ಉತ್ತರ: ಪಂಚ್ ಗುರುತು ಕಪ್ಪನ್ನು ಹಿಡಿಯುವುದು ಚುಕ್ಕಿಗಳಲ್ಲಿ ಮಾತ್ರ. ಕಪ್ ವಾರೆಯಾಗುತ್ತದೆ, ಕೆಲವೇ ದಿನಕ್ಕೆ ಮತ್ತೆ ಸಡಿಲ. ಲೇತಿನಲ್ಲಿ ಹಬ್ ಕೊರೆಸಿ ತೋಳು (ಸ್ಲೀವ್ ಎನ್ನುವ ಒಳಬಳೆ) ಕೂರಿಸಿ, ಇಲ್ಲವೇ ಹಬ್ಬನ್ನೇ ಬದಲಿಸಿ.