ಬಾಗಿಲಿಲ್ಲದ ಬೆಣೆ ಕಾರು

ಪ್ರಶ್ನೆ: ನನ್ನ ತಮ್ಮನ ಮಗ ಬೆಂಗಳೂರಿಂದ ಒಂದು ಪುಟ್ಟ ಕಾರು ತಂದುಕೊಟ್ಟಿದ್ದಾನೆ. ಅಡಿಯಲ್ಲಿ ಲ್ಯಾನ್ಸಿಯಾ ಸ್ಟ್ರಾಟೋಸ್ ಝೀರೋ, 1:43 ಎಂದು ಬರೆದಿದೆ. ನೋಡಲು ಮರ ಸೀಳುವ ಬೆಣೆ ಹಾಗಿದೆ. ಎಷ್ಟು ಹುಡುಕಿದರೂ ಬಾಗಿಲಿನ ಗೆರೆಯೇ ಇಲ್ಲ, ಮಾಡಿದವರು ಮರೆತರಾ? ಮಳೆ ಶುರುವಾದ ಮೇಲೆ ಬೂಷ್ಟು ಬೇರೆ ಹಿಡಿಯುತ್ತಿದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಮರೆತಿಲ್ಲ ಮಾರಾಯ್ರೇ, ನಿಜವಾದ ಕಾರಿಗೂ ಪಕ್ಕದಲ್ಲಿ ಬಾಗಿಲಿಲ್ಲ! ಮುಂದಿನ ಗಾಜನ್ನೇ ಮೇಲಕ್ಕೆತ್ತಿ ಒಳಗೆ ಇಳಿಯಬೇಕು. ಇಟಲಿಯ ಬರ್ಟೋನೆ ಕಂಪನಿ 1970ರ ಟ್ಯೂರಿನ್ ಮೋಟರ್ ಶೋಗೆಂದು ಮಾಡಿದ ಕಾರಿದು, ವಿನ್ಯಾಸ ಮಾರ್ಚೆಲ್ಲೋ ಗಾಂದೀನಿಯದು. ಎತ್ತರ ಬರೀ 84 ಸೆಂಟಿಮೀಟರ್. ಅಷ್ಟು ಕುಳ್ಳಗಿರುವ ಕಾರಿಗೆ ಪಕ್ಕದಲ್ಲಿ ಬಾಗಿಲಿಟ್ಟರೆ ಮನುಷ್ಯ ತೂರುವುದಾದರೂ ಹೇಗೆ?

1:43 ಅಂದರೆ ನಿಜವಾದ ಕಾರಿನ 43ನೇ ಒಂದು ಪಾಲಿನ ಅಳತೆ. ಈ 84ನ್ನು 43ರಿಂದ ಭಾಗಿಸಿದರೆ 2 ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ ಬರುತ್ತದೆ. ಸ್ಕೇಲ್ ಇಟ್ಟು ನೋಡಿ, ನಿಮ್ಮದು ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಅಳತೆ ತಪ್ಪಿದೆ ಅಂತಲೇ ಅರ್ಥ. ಮಾಡೆಲ್ ಕೊಳ್ಳುವವರು ಸಾಮಾನ್ಯವಾಗಿ ಬಣ್ಣ, ಹೊಳಪು ನೋಡುತ್ತಾರೆ, ನಾನಾದರೆ ಈ ಕಾರಿನಲ್ಲಿ ಮೊದಲು ಎತ್ತರವನ್ನೇ ನೋಡುತ್ತೇನೆ.

ಸುಮ್ನೆ ಪ್ರದರ್ಶನಕ್ಕಿಟ್ಟ ಬೊಂಬೆಯೂ ಅಲ್ಲ ಅದು, ಓಡುತ್ತಿತ್ತು. ಒಳಗೆ ಲ್ಯಾನ್ಸಿಯಾ ಎಂಬ ಇಟಲಿಯ ಕಾರು ಕಂಪನಿಯ ಫುಲ್ವಿಯಾ ಕಾರಿನ 1.6 ಲೀಟರ್ ವಿ4 (ನಾಲ್ಕು ಸಿಲಿಂಡರಿನ) ಎಂಜಿನ್. ಲ್ಯಾನ್ಸಿಯಾದವರಿಗೆ ತೋರಿಸಲು ಹೋದಾಗ ಗೇಟಿನ ಅಡ್ಡಕಂಬ ಎತ್ತುವ ಮೊದಲೇ ಅದರಡಿ ನುಸುಳಿ ಹೋಯಿತು ಅಂತ ಕಥೆ ಹೇಳುತ್ತಾರೆ. ಆಮೇಲೆ ಗಾಂದೀನಿಯೇ ವಿನ್ಯಾಸ ಮಾಡಿದ ಇನ್ನೊಂದು ಕಾರು, ಸ್ಟ್ರಾಟೋಸ್ ಎಚ್‌ಎಫ್ 1974, 75, 76ರಲ್ಲಿ ಸತತವಾಗಿ ಲ್ಯಾನ್ಸಿಯಾಗೆ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದುಕೊಟ್ಟಿತು. (ಝೀರೋ ಮಾತ್ರ ಆಗುಂಬೆ ಘಾಟಿಗೆ ಬೇಡ, ಮೊದಲ ಹಂಪ್‌ನಲ್ಲೇ ಹೊಟ್ಟೆ ಉಜ್ಜುತ್ತದೆ!)

ಇನ್ನು ಬೂಷ್ಟು. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಒಂದು ಹನಿ ಸೋಪು ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಥಿನ್ನರ್ ಹತ್ತಿರಕ್ಕೂ ತರಬೇಡಿ, ಬಣ್ಣ ಎದ್ದು ಬರುತ್ತದೆ. ಪೂರ್ತಿ ಆರಿದ ಮೇಲೆ ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆಚ್ಚಗಿರುತ್ತದೆ ಅಂತ ಒಲೆಯ ಮೇಲಿನ ಅಟ್ಟಕ್ಕೆ ಹಾಕೀರಿ ಮತ್ತೆ, ಹೊಗೆಯ ಜಿಡ್ಡು ಬೂಷ್ಟಿಗಿಂತ ಕಷ್ಟ. ಸ್ಪಂಜಿನಲ್ಲೂ ಸುತ್ತಬೇಡಿ, ವರ್ಷಗಟ್ಟಲೆ ಬಿಟ್ಟರೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಟೈರು ಮೆತ್ತನೆಯದಾಗಿದ್ದರೆ ಅದೂ ಪ್ಲಾಸ್ಟಿಕ್ ಪೀಠಕ್ಕೆ ಅಂಟಬಹುದು, ಕಾರಿನ ಹೊಟ್ಟೆಯಡಿ ಸಣ್ಣ ಮರದ ತುಂಡು ಕೊಟ್ಟು ಚಕ್ರ ಸ್ವಲ್ಪ ಮೇಲೆದ್ದಿರುವ ಹಾಗೆ ನೋಡಿಕೊಳ್ಳಿ.