25 ಕೆಜಿಗೆ ಹಳೆಯ ಆಲಿಸ್ ಬ್ಯಾಗ್ ಸಾಕು, ಫ್ರೇಮ್ ನೋಡಿ ತಗೊಳ್ಳಿ

25 ಕೆಜಿ ಹೊರಲು ಅಮೆರಿಕದ ಸೇನೆಯ ಹಳೆಯ ಆಲಿಸ್ (ALICE) ಬೆನ್ನುಚೀಲ ಆಗುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತದೆ. ಲಾರ್ಜ್ ಸೈಜನ್ನೇ ತಗೊಳ್ಳಿ, ಅಲ್ಯೂಮಿನಿಯಂ ಫ್ರೇಮ್ ಸಮೇತ. 1970ರ ದಶಕದ ವಿನ್ಯಾಸ ಅದು, ನೈಲಾನ್ ಬಟ್ಟೆ ಸುಲಭಕ್ಕೆ ಹರಿಯುವುದಿಲ್ಲ. ಕೈ ಕೊಡುವುದು ಫ್ರೇಮೇ. ರಿವೆಟ್‌ಗಳನ್ನು ಒಂದೊಂದಾಗಿ ಬೆರಳಿಂದ ಅಲ್ಲಾಡಿಸಿ ನೋಡಿ. ಒಂದು ಸಡಿಲ ಇದ್ದರೂ ಬೇಡ, ಎಷ್ಟೇ ಅಗ್ಗ ಇರಲಿ. ಆಮೇಲೆ ಬ್ಯಾಗನ್ನು ಒಳಮಗ್ಗುಲು ತಿರುಗಿಸಿ ಉಜ್ಜಿ. ಬಿಳಿ ಹೊಟ್ಟು ಉದುರಿದರೆ ನೀರು ತಡೆಯುವ ಲೇಪ ಹೋಗಿದೆ ಅಂತ. ಅದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿದರಾಯ್ತು. ಸೊಂಟದ ಪಟ್ಟಿ ಮಾತ್ರ ತೀರಾ ತೆಳು. ಅದೇ ಸೇನೆಯ ಈಚಿನ ಮಾಲಿ (MOLLE) ಬ್ಯಾಗಿನ ದಪ್ಪ ಪಟ್ಟಿ ಬೇರೆಯಾಗಿಯೂ ಸಿಗುತ್ತದೆ, ಆಲಿಸ್ ಫ್ರೇಮಿಗೆ ಕಟ್ಟಬಹುದು. ಭುಜದ ಉರಿ ಎಷ್ಟೋ ಇಳಿಯುತ್ತದೆ. ಭಾರದ ಸಾಮಾನು ತಳಕ್ಕೆ ತುಂಬಬೇಡಿ, ಬೆನ್ನಿಗೆ ಒತ್ತಿಕೊಂಡು ಮೇಲ್ಗಡೆ ಬರಲಿ.