ಸಿಎನ್‌ಜಿ ಸಿಲಿಂಡರ್ ಅರ್ಧ ಡಿಕ್ಕಿ ನುಂಗಿರುವ ಕಾರಿನಲ್ಲಿ ಜೋಳ, ಮೆಣಸಿನಕಾಯಿ ಚೀಲ ತರಬಹುದೇ? ಕ್ಯಾನಿನಲ್ಲಿ ಪೆಟ್ರೋಲ್ ಇಟ್ಟುಕೊಳ್ಳಬಹುದೇ?

ಮೊದಲು ಕ್ಯಾನಿನ ಮಾತು ಮುಗಿಸಿಬಿಡುತ್ತೇನೆ. ಬೇಡ.

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಕಂಪನಿಯಲ್ಲಿ ಅಲ್ಲದೆ, ಹೊರಗಿನ ಅಂಗಡಿಯಲ್ಲಿ ಸಿಎನ್‌ಜಿ ಕೂಡಿಸಿದ ಹಳೆಯ ಸೆಡಾನ್ ಕಾರನ್ನು ಈಗಷ್ಟೇ ಕೊಂಡಿದ್ದೀರಿ. ವಯಸ್ಸಾದ ತಾಯಿಯವರೂ ಸೇರಿ ಐದು ಜನ ಹುಬ್ಬಳ್ಳಿಯಿಂದ ಬ್ಯಾಡಗಿ ಕಡೆಯ ಊರಿಗೆ ಹೋಗಿ, ಬರುವಾಗ ಜೋಳದ ಎರಡು ಚೀಲ ಮತ್ತು ವರ್ಷದ ಮೆಣಸಿನಕಾಯಿ ತರಬೇಕು. ದಾರಿಯಲ್ಲಿ ಗ್ಯಾಸ್ ಸಿಗದಿದ್ದರೆ ಇರಲಿ ಎಂದು ಐದು ಲೀಟರ್ ಪೆಟ್ರೋಲನ್ನು ಡಿಕ್ಕಿಯಲ್ಲಿ ಇಡುವ ಯೋಚನೆ. ನನ್ನ ತವರೂ ಆ ಕಡೆಯದೇ. ಹನ್ನೆರಡು ವರ್ಷಗಳಿಂದ ನಾನೇ ಕಾರು ಓಡಿಸಿಕೊಂಡು ಹೋಗಿಬರುತ್ತಿದ್ದೇನೆ. ಅಣ್ಣನದು ಗ್ಯಾರೇಜು, ಹಾಗಾಗಿ ಮಾಡಿದ ಪ್ರತಿ ತಪ್ಪಿಗೂ ಬೈಸಿಕೊಂಡ ಅನುಭವ ಬೇಕಾದಷ್ಟಿದೆ.

ಹೆಚ್ಚುವರಿ ಪೆಟ್ರೋಲ್ ಇಡಲು ನಿಮ್ಮ ಕಾರಿನಲ್ಲಿ ಆಗಲೇ ಒಂದು ಜಾಗವಿದೆ. ಅದರ ಪೆಟ್ರೋಲ್ ಟ್ಯಾಂಕ್! ಸಿಎನ್‌ಜಿ ಕೂಡಿಸಿದರೆ ಟ್ಯಾಂಕನ್ನು ತೆಗೆದು ಹಾಕುವುದಿಲ್ಲ. ಗುಂಡಿ ಒತ್ತಿದರೆ ಕಾರು ಪೆಟ್ರೋಲಿನ ಮೇಲೂ ಓಡುತ್ತದೆ. ಆದರೆ ಗ್ಯಾಸಿನ ಅಗ್ಗಕ್ಕೆ ಮನಸೋತವರು ಟ್ಯಾಂಕನ್ನು ಸದಾ ಬತ್ತಿಸಿಟ್ಟು, ಕಡೆಗೆ ಕ್ಯಾನ್ ಹುಡುಕುತ್ತಾರೆ. ಟ್ಯಾಂಕಿನೊಳಗಿನ ಪಂಪು ತಂಪಾಗಿರುವುದೇ ಸುತ್ತಲಿನ ಪೆಟ್ರೋಲಿನಿಂದ. ಟ್ಯಾಂಕ್ ಒಣಗಿಸಿ ಓಡಿಸಿದರೆ ಅದು ಬೇಗ ಸುಟ್ಟುಹೋಗುತ್ತದೆ. ಹತ್ತು ಲೀಟರ್ ಟ್ಯಾಂಕಿನಲ್ಲೇ ಇರಲಿ. ಹುಬ್ಬಳ್ಳಿಯಿಂದ ಬ್ಯಾಡಗಿಗೆ 90 ಕಿಲೋಮೀಟರ್ ಆಸುಪಾಸು, ಅದಕ್ಕೆ ಅಷ್ಟು ಪೆಟ್ರೋಲ್ ಸಾಕಾಗಿ ಉಳಿಯುತ್ತದೆ.

ಕ್ಯಾನ್ ಏಕೆ ಬೇಡ ಎಂದರೆ, ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಬಿಸಿಲಿಗೆ ಕ್ಯಾನ್ ಉಬ್ಬಿ ಒಂದಿಷ್ಟು ಆವಿ ಹೊರಬರುತ್ತದೆ. ಬಂದದ್ದು ಮೇಲೇರಿ ಹೋಗದೆ ಡಿಕ್ಕಿಯ ತಳದಲ್ಲಿ, ಸ್ಟೆಪ್ನಿಯ ಗುಂಡಿಯಲ್ಲಿ ನೀರಿನಂತೆ ನಿಲ್ಲುತ್ತದೆ. ಡಿಕ್ಕಿ ತೆರೆದೊಡನೆ ಒಳಗೊಂದು ಪುಟ್ಟ ದೀಪ ಹೊತ್ತಿಕೊಳ್ಳುತ್ತದಲ್ಲ, ಅದರ ಸ್ವಿಚ್ಚಿನಿಂದ ಒಂದು ಕಿಡಿ ಹಾರಿದರೆ ಸಾಕು. ಬೇಸಿಗೆ ಬಂದಾಗಲೆಲ್ಲ ಮೊಬೈಲಿನಲ್ಲಿ ಒಂದು ಸಂದೇಶ ಓಡಾಡುತ್ತದೆ: ಫುಲ್ ಟ್ಯಾಂಕ್ ಮಾಡಿಸಬೇಡಿ, ಬಿಸಿಲಿಗೆ ಕಾರು ಸಿಡಿಯುತ್ತದೆ ಎಂದು. ಅದು ಸುಳ್ಳೆಂದು ಇಂಡಿಯನ್ ಆಯಿಲ್ ಸಂಸ್ಥೆಯೇ ಹೇಳಿದೆ. ಕಾರು ತಯಾರಕರು ಸೂಚಿಸಿದ ಮಟ್ಟದವರೆಗೆ ಯಾವ ಕಾಲದಲ್ಲಾದರೂ ತುಂಬಿಸಬಹುದು. ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ನಮ್ಮ ಗದಗದ ಬಿಸಿಲು ಎಷ್ಟೇ ಕೆಟ್ಟದ್ದಿದ್ದರೂ ಅಷ್ಟಿಲ್ಲ. ಕಿಡಿ ಸಿಕ್ಕರೆ ಮಾತ್ರ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದರ ಆವಿ ಹೊತ್ತಿಕೊಳ್ಳುತ್ತದೆ. ಆ ಸಂದೇಶವನ್ನು ನಂಬಿ ಟ್ಯಾಂಕನ್ನು ಅರ್ಧ ಮಾಡಿಸಿಕೊಂಡು, ಡಿಕ್ಕಿಯಲ್ಲಿ ಕ್ಯಾನ್ ಇಟ್ಟುಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಅವರಿಗೆ ಏನು ಹೇಳಬೇಕೋ ಇಂದಿಗೂ ತಿಳಿದಿಲ್ಲ.

ಇನ್ನು ಸಿಲಿಂಡರ್. ಕಾರು ಹಳೆಯದು ಎಂದಿರಿ. ಊರಿಗೆ ಹೊರಡುವ ಮೊದಲು ಎರಡು ಕೆಲಸ ಮಾಡಿ. ಆರ್‌ಸಿಯಲ್ಲಿ ಇಂಧನದ ಜಾಗದಲ್ಲಿ ಪೆಟ್ರೋಲ್ ಜೊತೆಗೆ ಸಿಎನ್‌ಜಿ ಎಂದೂ ದಾಖಲಾಗಿದೆಯೇ ನೋಡಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಲೇಬೇಕು. ಕೊನೆಯ ಪರೀಕ್ಷೆಯ ತಾರೀಖು ಯಾವುದೆಂದು ಫಲಕದಲ್ಲಿ, ಪ್ರಮಾಣಪತ್ರದಲ್ಲಿ ಹುಡುಕಿ. ಮಾರಿದವರು ‘ಎಲ್ಲ ಸರಿಯಾಗಿದೆ’ ಎಂದಿದ್ದರೆ ಅದನ್ನು ಒಂದು ಕಿವಿಯಲ್ಲಿ ಕೇಳಿ. ಒಳಗಿನ ಒತ್ತಡ ಸಾಮಾನ್ಯವಾದದ್ದಲ್ಲ. ಟೈರಿನಲ್ಲಿ ಇರುವ ಗಾಳಿ ಎರಡು ಬಾರ್‌ಗಿಂತ ತುಸು ಹೆಚ್ಚು, ಸಿಲಿಂಡರ್ ತುಂಬಿದಾಗ ಇರುವುದು 200 ಬಾರ್. ಗ್ಯಾಸ್ ತುಂಬಿಸುವಾಗ ಎಲ್ಲರೂ ಇಳಿದು ದೂರ ನಿಲ್ಲಬೇಕು ಎನ್ನುವುದು ಇದಕ್ಕಾಗಿಯೇ. ಮಂಡಿ ನೋವಿನ ತಾಯಿಯವರನ್ನು ಸಾಮಾನುಗಳ ನಡುವಿನಿಂದ ಇಳಿಸಿ, ಮತ್ತೆ ಹತ್ತಿಸುವ ಕಷ್ಟ ನನಗೆ ಗೊತ್ತು. ನಾನಂತೂ ಹಿಂದಿನ ಸಂಜೆಯೇ ಒಬ್ಬಳೇ ಹೋಗಿ, ಖಾಲಿ ಡಿಕ್ಕಿಯಲ್ಲಿ ಗ್ಯಾಸ್ ತುಂಬಿಸಿಕೊಂಡು ಬರುತ್ತೇನೆ. ಕೆಲವು ಕಡೆ ಸಿಬ್ಬಂದಿ ಡಿಕ್ಕಿ ತೆರೆಸಿ ಸಿಲಿಂಡರ್ ನೋಡುತ್ತಾರೆ. ಆಗ ಬುತ್ತಿ, ಚಾದರ, ಚೀಲ ಎಲ್ಲವನ್ನೂ ಕೆಳಗೆ ಇಳಿಸುವ ಫಜೀತಿಯೂ ತಪ್ಪುತ್ತದೆ.

ಸಿಲಿಂಡರಿನ ಒಂದು ತುದಿಯಲ್ಲಿ ವಾಲ್ವ್ ಇರುತ್ತದೆ, ಅದರ ಸುತ್ತ ಸೋರಿದ ಗ್ಯಾಸನ್ನು ಕಾರಿನ ಹೊರಗೆ ಕಳಿಸುವ ಕೊಳವೆಗಳು. ಅಲ್ಲಿ ಏನನ್ನೂ ಒರಗಿಸಬೇಡಿ, ಮೇಲೆ ಏನನ್ನೂ ಹೇರಬೇಡಿ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲು ತೆರೆದು ಎಲ್ಲರೂ ಇಳಿಯಿರಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಜಾಗದ ಲೆಕ್ಕ ಹಾಕುತ್ತಿದ್ದೀರಿ, ತೂಕದ ಲೆಕ್ಕ ಹಾಕಿಲ್ಲ. ಡಿಕ್ಕಿ ಇಷ್ಟು ಲೀಟರ್ ಎಂದು ಕಂಪನಿಯವರು ಹೇಳುವುದು ಜಾಗವನ್ನು ಮಾತ್ರ. ಒಂದೊಂದು ಲೀಟರ್ ಗಾತ್ರದ, 20 ಸೆಂಟಿಮೀಟರ್ ಉದ್ದ, 10 ಅಗಲ, 5 ಎತ್ತರದ ಡಬ್ಬಿಗಳನ್ನು ಒಳಗೆ ಜೋಡಿಸಿ ಎಷ್ಟು ಹಿಡಿದವು ಎಂದು ಎಣಿಸುವುದು ರೂಢಿಯಲ್ಲಿರುವ ಕ್ರಮ. ಅದರಲ್ಲಿ ತೂಕದ ಮಾತೇ ಇಲ್ಲ. ಮೆಣಸಿನಕಾಯಿ ಚೀಲ ಕಣ್ಣಿಗೆ ಆನೆ, ಹೊತ್ತರೆ ಹತ್ತಿ. ಜೋಳ ಹಾಗಲ್ಲ, 50 ಕಿಲೋ ಜೋಳ 70 ಲೀಟರ್ ಜಾಗವನ್ನೂ ಕೇಳುವುದಿಲ್ಲ, ಮೂಲೆಯಲ್ಲಿ ಮುದುಡಿ ಕೂತುಕೊಳ್ಳುತ್ತದೆ, ಕಾರಿನ ಬೆನ್ನು ಮುರಿಯುತ್ತದೆ.

ಚಿಕ್ಕ ಸೆಡಾನ್ ಕಾರು ಜನ, ಸಾಮಾನು ಎಲ್ಲ ಸೇರಿ 400ರಿಂದ 450 ಕಿಲೋ ಹೊರಬಲ್ಲದು. ನಿಮ್ಮದರ ನಿಖರ ಅಂಕಿ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ತಲಾ 65 ಕಿಲೋದಂತೆ ಐದು ಜನ ಎಂದರೆ 325. ಹೊರಗೆ ಕೂಡಿಸಿದ ಸಿಲಿಂಡರ್ ಒಬ್ಬ ಮನುಷ್ಯನಷ್ಟು ತೂಕ. ಅಂದರೆ ಕಾಣದ ಆರನೆಯವನೊಬ್ಬ ಸದಾ ಡಿಕ್ಕಿಯಲ್ಲಿ ಕೂತಿರುತ್ತಾನೆ. ಉಳಿಯುವುದು ಹೆಚ್ಚೆಂದರೆ 60 ಕಿಲೋ. ಎರಡು ಚೀಲ ಜೋಳ ಹೇಗೆ ಬರುತ್ತದೆ? ಒಂದು ಚೀಲವೂ ಅಂಚಿಗೆ ಬಂದು ನಿಲ್ಲುತ್ತದೆ. 25 ಕಿಲೋ ಜೋಳ, ಮೆಣಸಿನಕಾಯಿ, ಬಟ್ಟೆಬರೆ ಕಾರಿನಲ್ಲಿ ಬರಲಿ. ಉಳಿದ ಜೋಳವನ್ನು ಬಸ್ಸಿಗೆ ಹಾಕಿ. ಸಾರಿಗೆ ಸಂಸ್ಥೆಯವರು 2021ರಲ್ಲಿ ಶುರು ಮಾಡಿದ ‘ನಮ್ಮ ಕಾರ್ಗೋ’ ಇದೆ, ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿಸಿಕೊಳ್ಳಬಹುದು. ‘ನಮ್ಮ ಹೊಲದ ಜೋಳ ಬಸ್ಸಿನಲ್ಲಿ ಬರಬೇಕೇ’ ಎಂದು ನಮ್ಮ ಅವ್ವ ಮೊದಲ ಸಲ ಮುಖ ಊದಿಸಿಕೊಂಡಿದ್ದಳು, ಆಮೇಲೆ ರೂಢಿಯಾಯಿತು.

ತಂದ 25 ಕಿಲೋವನ್ನೂ ಎರಡು ಚಿಕ್ಕ ಚೀಲ ಮಾಡಿ, ತಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ವಾಲ್ವಿಗೆ ತಾಗದಂತೆ, ಆದಷ್ಟು ಸಿಲಿಂಡರಿನ ಕಡೆಗೆ ಸರಿಸಿ ಇಡಿ. ಬಾಗಿಲಿನ ಅಂಚಿಗೆ ಭಾರ ಬಂದಷ್ಟೂ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಮುಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ದೀಪದ ಬೆಳಕೂ ಮೇಲೇಳುತ್ತದೆ. ಎದುರಿನಿಂದ ಬರುವವನ ಕಣ್ಣಿಗೇ ಕುಕ್ಕುತ್ತದೆ. ಸ್ಟೀರಿಂಗಿನ ಬಲಗಡೆ 0ಯಿಂದ 3ರವರೆಗೆ ಅಂಕಿಗಳಿರುವ ಒಂದು ಪುಟ್ಟ ಚಕ್ರ ಇದ್ದರೆ ಅದು ಇದಕ್ಕೇ ಇರುವುದು. ಭಾರ ಹೇರಿದಾಗ ಅಂಕಿ ಹೆಚ್ಚಿಸಿದರೆ ಬೆಳಕು ಕೆಳಗಿಳಿಯುತ್ತದೆ. ಹತ್ತು ವರ್ಷ ಕಾರು ಓಡಿಸಿಯೂ ಅದನ್ನು ಮುಟ್ಟದವರು ನಮ್ಮ ಮನೆಯಲ್ಲೇ ಇದ್ದಾರೆ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ತುಂಬಿದ ಕಾರಿಗೆ ಟೈರಿನ ಗಾಳಿ ಎಷ್ಟೆಂದು ಬರೆದಿರುತ್ತದೆ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಹಾಕಿಸಿ.

ಸ್ಟೆಪ್ನಿ ಎಲ್ಲಿದೆ ನೋಡಿದಿರಾ? ಸಿಲಿಂಡರ್ ಕೂಡಿಸುವಾಗ ಜಾಗವಿಲ್ಲವೆಂದು ಅದನ್ನು ಮನೆಯಲ್ಲಿ ಬಿಟ್ಟವರಿದ್ದಾರೆ.

ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನನ್ನೂ ಇಡಬೇಡಿ. ಇದನ್ನು ನಾನು ಕಲಿತದ್ದು ತೆಂಗಿನಕಾಯಿಯಿಂದ. ಒಮ್ಮೆ ಅವ್ವ ಕೊನೆಯ ಗಳಿಗೆಯಲ್ಲಿ ನಾಲ್ಕು ಕಾಯಿ ತಂದು ಅಲ್ಲಿಟ್ಟಳು, ನಾನೂ ಸುಮ್ಮನಾದೆ. ಬಂಕಾಪುರ ದಾಟುವಾಗ ಕತ್ತಲಾಗಿತ್ತು, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರಾಲಿಯೊಂದು ದಿಢೀರೆಂದು ಎದುರಾಯಿತು. ಬ್ರೇಕ್ ಒತ್ತಿದೆ. ಒಂದು ಕಾಯಿ ಮುಂದೆ ಕೂತಿದ್ದ ವೈನಿಯ ಕಿವಿಯ ಪಕ್ಕದಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಗಾಳಿ ಬರುವ ಕಿಂಡಿಯ ಪ್ಲಾಸ್ಟಿಕ್ ಪುಡಿಯಾಯಿತು. ಕಾಯಿ ಒಡೆಯಲಿಲ್ಲ. ಅದು ಬರೀ ಬ್ರೇಕು. 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆದು ಕಾರು ಅರ್ಧ ಮೀಟರಿನೊಳಗೆ ನಿಂತರೆ, ಒಳಗಿನ ಪ್ರತಿ ವಸ್ತು ತನ್ನ ತೂಕದ 20 ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. ಸೀಟಿನ ಮೇಲೆ ಇಟ್ಟ 50 ಕಿಲೋ ಚೀಲ ಒಂದು ಟನ್ ಆಗುತ್ತದೆ, ಬೆಲ್ಟ್ ಹಾಕಿಕೊಂಡವರ ಬೆನ್ನ ಹಿಂದೆ.

ಮೆಣಸಿನಕಾಯಿಗೆ ಬೇರೆಯೇ ಜಾಗ್ರತೆ ಬೇಕು. ಬ್ಯಾಡಗಿಯದು ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸಾರಿನ ಮಾತು. ಮುಚ್ಚಿದ ಕಾರಿನಲ್ಲಿ, ಒಳಗಿನ ಗಾಳಿಯನ್ನೇ ಸುತ್ತಿಸುವಂತೆ ಏಸಿ ಹಾಕಿಕೊಂಡು ಕೂತರೆ ಅದರ ಧೂಳಿಗೆ ಕರುಣೆ ಇಲ್ಲ. 80 ಕಿಲೋಮೀಟರ್ ವೇಗದಲ್ಲಿ ಸೀನುತ್ತ ಒಂದು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು 22 ಮೀಟರ್ ಮುಂದೆ ಹೋಗಿರುತ್ತದೆ. ಗೋಣಿಚೀಲದ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿ ಬಾಯಿ ಕಟ್ಟಿ, ಏಸಿಯನ್ನು ಹೊರಗಿನ ಗಾಳಿಗೆ ತಿರುಗಿಸಿ. ಚೀಲ ಹಿಡಿಸಲಿಲ್ಲವೆಂದು ಡಿಕ್ಕಿಯ ಬಾಗಿಲನ್ನು ಅರ್ಧ ತೆರೆದು ಹಗ್ಗದಿಂದ ಕಟ್ಟಿಕೊಂಡು ಮಾತ್ರ ಬರಬೇಡಿ. ಕಾರಿನ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನು ಒಳಗೆ ಎಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಹಿಂದೆ ಕೂತವರಿಗೆ ನಿದ್ದೆ ಬಂದಂತೆ ಕಾಣುತ್ತದೆ ಅಷ್ಟೆ. ಹೊಲಕ್ಕೆಂದು ಕೊಂಡ ಕೀಟನಾಶಕವನ್ನೂ ಕಾಳಿನ ಜೊತೆ ಹಾಕಬೇಡಿ, ಬಾಟಲಿ ಒಡೆದರೆ ಜೋಳ ತಿಪ್ಪೆಗೇ.

ಬಂಕಿನಲ್ಲಿ ಎಂಜಿನ್ ಆರಿಸುವುದು, ಬೀಡಿ ಸಿಗರೇಟು ಬೇಡ ಎನ್ನುವುದು ನಿಮಗೆ ಗೊತ್ತಿದೆ. ಒಂದನ್ನು ಸೇರಿಸುತ್ತೇನೆ. ನಳಿಕೆ ‘ಟಕ್’ ಎಂದು ತಾನೇ ನಿಂತ ಮೇಲೆ ‘ರೌಂಡ್ ಫಿಗರ್ ಮಾಡಲೇ?’ ಎಂದು ಕೇಳುತ್ತಾರೆ. ಬೇಡ ಎನ್ನಿ. ಮೇಲೆ ಬಿಟ್ಟಿರುವ ಜಾಗ ಪೆಟ್ರೋಲ್ ಹಿಗ್ಗಲು. ಅಲ್ಲಿಗೂ ತುಂಬಿಸಿದರೆ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ನುಗ್ಗಿ ಅದು ಹಾಳಾಗುತ್ತದೆ. ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಮಾಪನದಲ್ಲಿ ಅಳೆದು ತೋರಿಸಿ ಎಂದು ಕೇಳಬಹುದು. 25 ಮಿಲಿಲೀಟರ್ ಹೆಚ್ಚುಕಡಿಮೆಗಷ್ಟೇ ಅವಕಾಶ.

ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದಿನ. ಮೆಣಸಿನಕಾಯಿ ಸುಗ್ಗಿಯಲ್ಲಿ ಮೋಟೆಬೆನ್ನೂರಿನಿಂದಲೇ ಲಾರಿ, ಟ್ರ್ಯಾಕ್ಟರುಗಳ ಸಾಲು ಹಿಡಿಯುತ್ತದೆ, ಗಾಳಿಯಲ್ಲೂ ಘಾಟು. ತಾಯಿಯವರಿಗೆ ಉಬ್ಬಸ ಇದ್ದರೆ ಮಂಗಳವಾರ ಹೋಗಿ.